ಕ್ರೀಡಾ ಹರಟೆಯ ಫೋನ್‌ ಇನ್: ರೇಡಿಯೊದಲ್ಲಿ ಒಂದು ಗಂಟೆ ನಡೆಸುವ ಬಗೆ

ಸಮುದಾಯ ರೇಡಿಯೊ, ಕಾಲೇಜು ರೇಡಿಯೊಗಳಲ್ಲಿ ವಾರಕ್ಕೊಂದು ಗಂಟೆ ಆಟದ ಹರಟೆ ನಡೆಸಬೇಕೆಂದಿರುವವರಿಗೆ ಈ ಬರಹ. ಇಬ್ಬರು ನಿರೂಪಕರು, ಕರೆ ಮಾಡುವ ಕೇಳುಗರು, ನಡುವೆ ಒಂದಿಷ್ಟು ಕಾಲೆಳೆತ, ಒಂದಿಷ್ಟು ಅಂಕಿಅಂಶ. ನ್ಯೂಯಾರ್ಕಿನ ಡಬ್ಲ್ಯುಎಫ್‌ಎಎನ್ 1987ರ ಜುಲೈ 1ರಿಂದ ಇದನ್ನೇ ನಂಬಿಕೊಂಡು ದಿನವಿಡೀ ಸ್ಟೇಷನ್ ನಡೆಸುತ್ತಿದೆ. ಬಿಬಿಸಿ ರೇಡಿಯೊದ ‘606’ ಎಂಬ ಫುಟ್‌ಬಾಲ್ ಹರಟೆ 1991ರಿಂದ ಮ್ಯಾಚು ಮುಗಿದ ಮೇಲೆ ಅಭಿಮಾನಿಗಳ ಕರೆ ತೆಗೆದುಕೊಳ್ಳುತ್ತಿದೆ. ನಮ್ಮ ಸಮುದಾಯ ರೇಡಿಯೊಗೆ 100 ವಾಟ್ ಶಕ್ತಿ, ಹತ್ತು ಹದಿನೈದು ಕಿಲೋಮೀಟರಿನ ವ್ಯಾಪ್ತಿ ಅಷ್ಟೇ ಇರಬಹುದು. ಆದರೆ ಈ ಬಗೆಯ ಕಾರ್ಯಕ್ರಮಕ್ಕೆ ಅದು ಅನುಕೂಲವೇ. ಕರೆ ಮಾಡಿದವರ ಊರು ಕೇಳುವವರಿಗೆ ಗೊತ್ತಿರುತ್ತದೆ, ಅವರು ಹೇಳುವ ಮೈದಾನದಲ್ಲಿ ಇವರೂ ಆಡಿರುತ್ತಾರೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಈ ಕಾರ್ಯಕ್ರಮದಲ್ಲಿ ವಾದ ಗೆಲ್ಲಬೇಕಾದವರು ಕರೆ ಮಾಡಿದ ಕೇಳುಗರು. ನಿರೂಪಕ ತನ್ನ ಜ್ಞಾನದಿಂದ ಕೇಳುಗರನ್ನು ಸೋಲಿಸಿದರೆ ಆ ಕ್ಷಣಕ್ಕೆ ನಗು ಬರಬಹುದು, ಮುಂದಿನ ವಾರ ಫೋನ್ ಮಾತ್ರ ಬರುವುದಿಲ್ಲ.

ಪ್ರಶ್ನೆ ಆರಿಸುವುದು

ಅರ್ಧ ಕೆಲಸ ಇಲ್ಲಿಯೇ ಮುಗಿಯುತ್ತದೆ, ಹಾಗಾಗಿ ಸಮಯವನ್ನೂ ಇಲ್ಲಿಯೇ ಹೆಚ್ಚು ಕೊಡಿ. ಒಂದು ಗಂಟೆಗೆ ಒಂದೇ ಪ್ರಶ್ನೆ. “ಆರ್‌ಸಿಬಿ ಬಗ್ಗೆ ನಿಮ್ಮ ಅಭಿಪ್ರಾಯವೇನು?” ಎಂದು ಕೇಳಿದರೆ ಬರುವ ಉತ್ತರ “ಚೆನ್ನಾಗಿ ಆಡ್ತಿದ್ದಾರೆ ಸಾರ್, ಇನ್ನೂ ಚೆನ್ನಾಗಿ ಆಡ್ಬೇಕು”. ಅಲ್ಲಿಗೆ ಮಾತು ಸತ್ತಿತು. ಅಭಿಪ್ರಾಯ ಕೇಳಬೇಡಿ, ಆಯ್ಕೆ ಕೇಳಿ. “ಕೊನೇ ಓವರಿಗೆ 12 ರನ್ ಬೇಕು. ಇವತ್ತಿನವರು, ಹಿಂದಿನವರು ಯಾರನ್ನಾದ್ರೂ ಕರೀಬಹುದು. ಸ್ಟ್ರೈಕಿನಲ್ಲಿ ಯಾರಿರಬೇಕು?” ಎಂದರೆ ಒಂದು ಹೆಸರು ಹೇಳಲೇಬೇಕು. ಹೆಸರು ಹೇಳಿದ ಮೇಲೆ ಸಮರ್ಥನೆ ಬೇಕು, ಸಮರ್ಥನೆ ಶುರುವಾದರೆ ಹರಟೆಯೂ ಶುರು.

ಒಳ್ಳೆಯ ಪ್ರಶ್ನೆಗೆ ಮೂರು ಪರೀಕ್ಷೆಗಳಿವೆ. ಒಂದೇ ಉಸಿರಿನಲ್ಲಿ ಹೇಳುವಂತಿರಬೇಕು, ಏಕೆಂದರೆ ಗಂಟೆಯಲ್ಲಿ ಹತ್ತು ಸಲ ಅದನ್ನು ಮತ್ತೆ ಹೇಳಬೇಕಾಗುತ್ತದೆ. ಈಗಷ್ಟೇ ರೇಡಿಯೊ ಹಾಕಿದವರಿಗೂ ಅರ್ಥವಾಗಬೇಕು. ಎರಡನೆಯದು, ಆಟದ ಅಂಕಿಅಂಶ ಬಾಯಿಪಾಠ ಇಲ್ಲದವರೂ ಉತ್ತರಿಸುವಂತಿರಬೇಕು. ಮೂರನೆಯದು, ಗೂಗಲ್ ಮಾಡಿದರೆ ಉತ್ತರ ಸಿಗಬಾರದು.

ಈ ಮೂರರಲ್ಲೂ ಗೆಲ್ಲುವ ವಿಷಯವೆಂದರೆ ಗಲ್ಲಿ ಕ್ರಿಕೆಟ್. “ನಿಮ್ಮ ಬೀದಿಯಲ್ಲಿದ್ದ ವಿಚಿತ್ರ ರೂಲ್ಸ್ ಯಾವುದು?” ಎಂದು ಕೇಳಿ ನೋಡಿ. ಒನ್ ಪಿಚ್ ಕ್ಯಾಚ್ ಔಟು, ಚೆಂಡು ಎದುರು ಮನೆ ಕಾಂಪೌಂಡಿಗೆ ಹೋದರೆ ಔಟು, ಹೊಡೆದವನೇ ಹೋಗಿ ತರಬೇಕು, ಮೊದಲ ಬಾಲು ಟ್ರಯಲ್ಲು, ಬ್ಯಾಟು ಯಾರದ್ದೋ ಅವನದೇ ಮೊದಲ ಬ್ಯಾಟಿಂಗು, ಎರಡೂ ಕಡೆ ಆಡುವ ಕಾಮನ್ ಪ್ಲೇಯರ್. ಐವತ್ತು ದಾಟಿದವರೂ ಹೈಸ್ಕೂಲು ಹುಡುಗಿಯರೂ ಒಂದೇ ಸಾಲಿನಲ್ಲಿ ನಿಂತು ಕರೆ ಮಾಡುವ ಪ್ರಶ್ನೆ ಇದು.

ಊರಿಗೆ ತಕ್ಕ ಆಟ ಮರೆಯಬೇಡಿ. ಕೊಡಗಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಕ್ರಿಕೆಟ್ಟಿಗಿಂತ ಕೌಟುಂಬಿಕ ಹಾಕಿ ಹಬ್ಬದ ಮಾತೇ ಓಡುತ್ತದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಆ ಹಬ್ಬದಲ್ಲಿ ಪ್ರತಿ ಮನೆತನಕ್ಕೂ ತನ್ನದೇ ತಂಡವಿದೆ, ಅಂದರೆ ಪ್ರತಿ ಕೇಳುಗರಿಗೂ ಕಾಲೆಳೆಯಲು ಒಂದು ಎದುರಾಳಿ ಮನೆತನವಿದೆ. ಕರಾವಳಿಯಲ್ಲಿ ಕಂಬಳ, ಉತ್ತರದಲ್ಲಿ ಕುಸ್ತಿ, ಬಯಲು ಸೀಮೆಯಲ್ಲಿ ಕಬಡ್ಡಿ, ವಾಲಿಬಾಲ್. ಬೆಂಗಳೂರು ಬುಲ್ಸ್ 2019ರ ಜನವರಿಯಲ್ಲಿ ಪ್ರೊ ಕಬಡ್ಡಿ ಗೆದ್ದ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಕಬಡ್ಡಿ ಆಡುವ ಊರಿನಲ್ಲಿ ಇದೊಂದೇ ವಿಷಯ ಸಾಕು, ಅರ್ಧ ಗಂಟೆ ಓಡುತ್ತದೆ.

ಒಂದು ಹಾಳೆಯ ತಯಾರಿ

ಎ4 ಅಳತೆಯ ಒಂದೇ ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಹದಿನೈದರಿಂದ ಇಪ್ಪತ್ತು ಸಂಗತಿ ಬರೆದುಕೊಳ್ಳಿ. ಎರಡನೇ ಹಾಳೆ ಬೇಡ. ಹಾಳೆ ತಿರುಗಿಸುವ ಸದ್ದು ಮೈಕಿಗೆ ಕೇಳಿಸುತ್ತದೆ, ಹುಡುಕುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಬೇಕಾದದ್ದು ಉದ್ದನೆಯ ಪಟ್ಟಿಯಲ್ಲ, ಕೇಳಿದೊಡನೆ “ಅಯ್ಯೋ ಹೌದಾ!” ಅನ್ನಿಸುವ ಜೋಡಿಗಳು.

ಆರ್‌ಸಿಬಿಯನ್ನೇ ತೆಗೆದುಕೊಳ್ಳಿ. 2013ರ ಏಪ್ರಿಲ್ 23ರಂದು ಪುಣೆ ವಾರಿಯರ್ಸ್ ವಿರುದ್ಧ ಗೇಲ್ ಔಟಾಗದೆ 175, ತಂಡ 263. ನಾಲ್ಕು ವರ್ಷ ಬಿಟ್ಟು 2017ರ ಏಪ್ರಿಲ್ 23ರಂದೇ ಈಡನ್ ಗಾರ್ಡನ್ಸ್‌ನಲ್ಲಿ 49ಕ್ಕೆ ಆಲೌಟ್. ಒಂದೇ ತಾರೀಖು. ಇನ್ನೊಂದು ಜೋಡಿ: 2009ರಲ್ಲಿ ಡೆಕ್ಕನ್ ಚಾರ್ಜರ್ಸ್ ವಿರುದ್ಧ ಮೊದಲ ಫೈನಲ್ ಸೋತದ್ದು 6 ರನ್ನಿನಿಂದ, 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧ ಕೊನೆಗೂ ಕಪ್ ಗೆದ್ದದ್ದೂ 6 ರನ್ನಿನಿಂದಲೇ. ನಡುವೆ 2011ರಲ್ಲಿ 58, 2016ರಲ್ಲಿ 8 ರನ್ನಿನ ಸೋಲು. ಮಹಿಳಾ ತಂಡ 2024ರಲ್ಲೇ ಕಪ್ ತಂದಿತ್ತು. ಇದನ್ನು ಹಾಳೆಯ ಮೇಲ್ಭಾಗದಲ್ಲೇ ಬರೆದಿಡಿ, “ಹದಿನೆಂಟು ವರ್ಷ ಕಾದ್ವಿ” ಎನ್ನುವವರಿಗೆ ಯಾರಾದರೂ ಕೇಳುಗರು ಇದನ್ನು ನೆನಪಿಸುತ್ತಾರೆ, ನೆನಪಿಸಬೇಕು ಕೂಡ.

ಅಂಕಿಯನ್ನು ಇಬ್ಬರು ಬೇರೆ ಬೇರೆ ಕಡೆ ನೋಡಿ ತಾಳೆ ಮಾಡಿ. ತಪ್ಪು ಅಂಕಿ ಹೇಳಿದರೆ ಮುಂದಿನ ನಾಲ್ಕು ಕರೆ ಅದನ್ನು ತಿದ್ದುವುದಕ್ಕೇ ಬರುತ್ತವೆ, ಪ್ರಶ್ನೆ ಮೂಲೆಗೆ ಬೀಳುತ್ತದೆ.

ಫೋನು, ಮಿಕ್ಸರು, ಪ್ರತಿಧ್ವನಿ

ಕೇಳುಗರಿಗೆ ಅವರದೇ ದನಿ ವಾಪಸು ಕೇಳಿಸುವುದು ಫೋನ್‌ ಇನ್‌ನ ದೊಡ್ಡ ಕಾಟ. ಸ್ವಲ್ಪ ತಡವಾಗಿ ತನ್ನ ದನಿ ತನಗೇ ಕೇಳಿಸಿದರೆ ಎಂಥವರೂ ತೊದಲುತ್ತಾರೆ. ಇದಕ್ಕೆ ಎರಡು ಕಾರಣ.

ಮೊದಲನೆಯದು ನಿಮ್ಮ ಕಡೆಯದು. ಎಲ್ಲ ದನಿಗಳನ್ನು ಬೆರೆಸುವ ಮಿಕ್ಸರಿನ ಪೂರ್ತಿ ಔಟ್‌ಪುಟ್ಟನ್ನೇ ಫೋನಿಗೆ ಕಳಿಸಿದರೆ ಅದರಲ್ಲಿ ಕೇಳುಗರ ದನಿಯೂ ಇರುತ್ತದೆ. ಅವರಿಗೆ ಹೋಗಬೇಕಾದದ್ದು ಅವರ ದನಿ ಬಿಟ್ಟು ಉಳಿದದ್ದೆಲ್ಲ. ಇದಕ್ಕೆ ಮಿಕ್ಸ್ ಮೈನಸ್ ಎನ್ನುತ್ತಾರೆ. ಫೋನನ್ನು ಮಿಕ್ಸರಿಗೆ ಜೋಡಿಸುವ ಪೆಟ್ಟಿಗೆ, ಅಂದರೆ ಟೆಲಿಫೋನ್ ಹೈಬ್ರಿಡ್ ಇದ್ದರೂ ಅದಕ್ಕೆ ಮಿಕ್ಸ್ ಮೈನಸ್ಸನ್ನೇ ಕೊಡಬೇಕು. ಸಣ್ಣ ಮಿಕ್ಸರ್ ಮಾತ್ರ ಇದ್ದರೆ ಆಕ್ಸ್ ಸೆಂಡ್ (ಬೇಕಾದ ದನಿಗಳನ್ನಷ್ಟೇ ಬೇರೆಯಾಗಿ ಹೊರಗೆ ಕಳಿಸುವ ದಾರಿ) ಬಳಸಿ: ಇಬ್ಬರು ನಿರೂಪಕರ ಮೈಕಿನ ಚಾನೆಲ್‌ಗಳಲ್ಲಿ ಆಕ್ಸ್ ತಿರುಪು ಏರಿಸಿ, ಫೋನಿನ ಚಾನೆಲ್‌ನಲ್ಲಿ ಅದೇ ಆಕ್ಸ್ ತಿರುಪನ್ನು ಸೊನ್ನೆಗೆ ಇಳಿಸಿ, ಆ ಆಕ್ಸ್ ಔಟ್‌ಪುಟ್ಟನ್ನು ಫೋನಿನ ಮೈಕ್ ಇನ್‌ಪುಟ್ಟಿಗೆ ಕೊಡಿ. ಫೋನಿಗೆ ಬೇಕಾದ್ದು ಮೈಕಿನ ಸಣ್ಣ ಮಟ್ಟದ ಸಿಗ್ನಲ್, ಮಿಕ್ಸರ್ ಕೊಡುವುದು ಲೈನ್ ಮಟ್ಟದ್ದು. ನಡುವೆ ಸಿಗ್ನಲ್ ತಗ್ಗಿಸುವ ಪ್ಯಾಡ್ ಇರುವ ಕೇಬಲ್ ಹಾಕಿ, ಇಲ್ಲದಿದ್ದರೆ ಕೇಳುಗರಿಗೆ ನಿಮ್ಮ ದನಿ ಒಡೆದ ಹಾಗೆ ಕೇಳಿಸುತ್ತದೆ. ಬ್ಲೂಟೂತ್ ಇರುವ ಈಗಿನ ಕೆಲವು ಮಿಕ್ಸರುಗಳು ಈ ಮಿಕ್ಸ್ ಮೈನಸ್ಸನ್ನು ತಾವೇ ಮಾಡಿಕೊಳ್ಳುತ್ತವೆ.

ಎರಡನೆಯ ಕಾರಣ ಕೇಳುಗರ ಮನೆಯ ರೇಡಿಯೊ. ಎಫ್‌ಎಂ ಆದರೆ ದನಿ ತಕ್ಷಣ ಬಂದು ಫೋನಿನೊಳಗೆ ಹೊಕ್ಕು ಕೂಗೇಳುತ್ತದೆ. ಆ್ಯಪ್‌ನಲ್ಲೋ ಇಂಟರ್ನೆಟ್ಟಿನಲ್ಲೋ ಕೇಳುತ್ತಿದ್ದರೆ ಹತ್ತಾರು ಸೆಕೆಂಡು ತಡವಾಗಿ ಬಂದು ಗಲಿಬಿಲಿ ಮಾಡುತ್ತದೆ. ರೇಡಿಯೊ ಸಣ್ಣಗೆ ಮಾಡಿದರೆ ಸಾಲದು, ಆಫ್ ಮಾಡಿಸಿ. ಸ್ಪೀಕರ್ ಫೋನ್ ಬೇಡ, ಫೋನು ಕಿವಿಗಿರಲಿ, ಸಿಗ್ನಲ್ ಸಿಗುವ ಕಿಟಕಿಯ ಪಕ್ಕಕ್ಕೆ ಬರಲಿ.

ನಿರೂಪಕರಿಗೆ ಡೈನಮಿಕ್ ಮೈಕ್, ಬಾಯಿಂದ ನಾಲ್ಕರಿಂದ ಆರು ಇಂಚು ದೂರ. ಜೋರಾಗಿ ನಗುವವರು ನಗುವಾಗ ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿಸುವುದನ್ನು ರೂಢಿ ಮಾಡಿಕೊಳ್ಳಬೇಕು, ಹಿಂದಕ್ಕೆ ವಾಲಬಾರದು. ವಾಲಿದರೆ ನಗು ದೂರದ ಕೋಣೆಯಿಂದ ಬಂದ ಹಾಗಿರುತ್ತದೆ. ಫೋನಿನ ದನಿ ಸಾಮಾನ್ಯವಾಗಿ 300ರಿಂದ 3400 ಹರ್ಟ್ಸ್ ನಡುವೆಯೇ ಇರುವುದರಿಂದ ಕೆಳಗಿನ ಗುಂಯ್‌ಗುಡುವಿಕೆಯನ್ನು ಕತ್ತರಿಸಿಬಿಡಿ, 2ರಿಂದ 3 ಕಿಲೋಹರ್ಟ್ಸ್ ಸುತ್ತ ತುಸು ಏರಿಸಿ, ಅಕ್ಷರ ಸ್ಪಷ್ಟವಾಗುತ್ತದೆ. ಸ್ಟುಡಿಯೊದ ಮೊಬೈಲುಗಳು ಮೈಕ್ ಕೇಬಲಿನಿಂದ ಒಂದು ಮಾರು ದೂರ ಇರಲಿ. ಕರೆ ಬರುವ ಮುನ್ನ ಸ್ಪೀಕರಿನಲ್ಲಿ ಕೇಳುವ ಆ ಟಿಕಿಟಿಕಿ ಸದ್ದು ಅದರಿಂದಲೇ.

ಶುರುವಿಗೆ ಅರ್ಧ ಗಂಟೆ ಮುಂಚೆ ಪಕ್ಕದ ಕೋಣೆಯಿಂದ ಒಬ್ಬರು ಕರೆ ಮಾಡಿ ಎರಡು ನಿಮಿಷ ಮಾತಾಡಲಿ. “ನಿಮ್ಮ ದನಿ ನಿಮಗೇ ಕೇಳಿಸ್ತಿದೆಯಾ?” ಎಂಬ ಒಂದು ಪ್ರಶ್ನೆ ಸಾಕು.

ಕರೆ ಎತ್ತುವವರು

ಮೂರನೇ ವ್ಯಕ್ತಿ ಇಲ್ಲದೆ ಈ ಕಾರ್ಯಕ್ರಮ ಮಾಡಲು ಹೋಗಬೇಡಿ. ಕರೆ ಎತ್ತುವವರು ಸ್ಟುಡಿಯೊದ ಹೊರಗೆ ಕೂತು ಮೂವತ್ತು ಸೆಕೆಂಡಿನಲ್ಲಿ ನಾಲ್ಕು ಕೇಳಬೇಕು: ಹೆಸರು, ಊರು, ಒಂದೇ ವಾಕ್ಯದಲ್ಲಿ ಏನು ಹೇಳುತ್ತೀರಿ, ರೇಡಿಯೊ ಆಫ್ ಆಗಿದೆಯಾ. “ನಮಸ್ಕಾರ, ಚೆನ್ನಾಗಿದ್ದೀರಾ, ಊಟ ಆಯ್ತಾ” ಎಲ್ಲವನ್ನೂ ಅವರೇ ಮುಗಿಸಿಬಿಡಲಿ. ಇದನ್ನು ಪ್ರಸಾರದಲ್ಲಿ ಮಾಡಿದರೆ ಪ್ರತಿ ಕರೆಗೆ ಅರ್ಧ ನಿಮಿಷ ಹೋಗುತ್ತದೆ, ಹತ್ತು ಕರೆಗೆ ಐದು ನಿಮಿಷ. ಆದರೆ ಉಪಚಾರವನ್ನು ಪೂರ್ತಿ ಬಿಡಬೇಡಿ. ನಮ್ಮ ಜನಕ್ಕೆ ಯಾರಾದರೂ ಒಬ್ಬರು ಊಟ ಆಯ್ತಾ ಎಂದು ಕೇಳಿದ ಮೇಲೇ ಮಾತು ಸಡಿಲವಾಗುವುದು.

ನಿರೂಪಕರಿಗೆ ಹೋಗುವ ಚೀಟಿಯಲ್ಲಿ ಊರು, ವಾದ, ಮೂಡು ಈ ಮೂರೇ ಇರಲಿ. “ಸಿರಾ, ಎಬಿ ಬೇಡ ದ್ರಾವಿಡ್ ಬೇಕು, ತಮಾಷೆ” ಎಂದಿದ್ದರೆ ಸಾಕು (ಎಬಿ ಎಂದರೆ ಡಿವಿಲಿಯರ್ಸ್). “ಹುಷಾರು, ಕೋಪದಲ್ಲಿದ್ದಾರೆ” ಎಂಬ ಮಾಹಿತಿ ಎಲ್ಲಕ್ಕಿಂತ ಬೆಲೆಬಾಳುವಂಥದ್ದು.

ಕರೆಗಳನ್ನು ಬಂದ ಕ್ರಮದಲ್ಲೇ ಬಿಡಬೇಕೆಂದಿಲ್ಲ. ಒಂದೇ ಹೆಸರು ಹೇಳುವ ಮೂರು ಕರೆ ಸಾಲಾಗಿ ಬಂದರೆ ನಡುವೆ ಒಂದು ಎದುರುವಾದ ಇಡಿ. ಮೊದಲ ಕರೆ ಮಾತ್ರ ಬಾಯಿ ಬಿಚ್ಚಿ ಮಾತಾಡುವವರದ್ದೇ ಆಗಿರಲಿ, ಉಳಿದವರು ಅದನ್ನು ಕೇಳಿಯೇ ಧೈರ್ಯ ಮಾಡುತ್ತಾರೆ. ಹಳ್ಳಿಗಳ ಕಡೆ ಬಹಳ ಜನ ಮಿಸ್ಡ್ ಕಾಲ್ ಕೊಡುತ್ತಾರೆ, ಅವರಿಗೆ ವಾಪಸು ಕರೆ ಮಾಡಲು ಇನ್ನೊಂದು ಫೋನ್ ಇಟ್ಟುಕೊಳ್ಳಿ. ಹೆಂಗಸರ ಕರೆ ಕಡಿಮೆ ಬಂದರೆ ಮುಂಚಿನ ದಿನವೇ ವಾಟ್ಸಾಪ್‌ನಲ್ಲಿ ಮೂವತ್ತು ಸೆಕೆಂಡಿನ ವಾಯ್ಸ್ ನೋಟ್ ಕೇಳಿ. ಲೈವ್‌ನಲ್ಲಿ ಮಾತಾಡಲು ಹಿಂಜರಿಯುವವರು ವಾಯ್ಸ್ ನೋಟ್‌ನಲ್ಲಿ ಧಾರಾಳವಾಗಿ ಮಾತಾಡುತ್ತಾರೆ. ಸಾಲು ಖಾಲಿಯಾದಾಗಲೂ ಅವು ಕೈಹಿಡಿಯುತ್ತವೆ. ಕನಿಷ್ಠ ಐದು ಯಾವಾಗಲೂ ಸಿದ್ಧವಿರಲಿ.

ಗಾಳಿಯಲ್ಲಿ ಎರಡೂವರೆ ನಿಮಿಷ

ಅರವತ್ತು ನಿಮಿಷದಲ್ಲಿ ಹಾಡು, ಪ್ರಕಟಣೆ, ಶುರು ಮತ್ತು ಮುಕ್ತಾಯ ಕಳೆದರೆ ಹತ್ತರಿಂದ ಹನ್ನೆರಡು ಕರೆಗೆ ಜಾಗವಿದೆ, ಒಂದೊಂದಕ್ಕೆ ಎರಡೂವರೆ ನಿಮಿಷ. ನಿರೂಪಕರಲ್ಲಿ ಒಬ್ಬರು ಹಗ್ಗ ಹಿಡಿಯುವವರು: ಕರೆ ಪರಿಚಯಿಸುವುದು, ಗಡಿಯಾರ ನೋಡುವುದು, ಮುಗಿಸುವುದು ಇವರ ಕೆಲಸ. ಇನ್ನೊಬ್ಬರು ಅಡ್ಡಮಾತಿನವರು. ಕೇಳುಗರು ಏನೇ ಹೇಳಲಿ, ಇವರು ಎದುರು ಪಕ್ಷ. ಇಬ್ಬರೂ ಕೇಳುಗರ ಮೇಲೆ ಒಟ್ಟಿಗೆ ಬೀಳಬಾರದು. ಅಡ್ಡಮಾತಿನವರು ತಡೆದರೆ ಹಗ್ಗ ಹಿಡಿದವರು ಕೇಳುಗರ ಪರ ನಿಲ್ಲಬೇಕು. ಆ ಹೊತ್ತಿಗೆ ಜಗಳ ಇಬ್ಬರು ನಿರೂಪಕರ ನಡುವಿನದ್ದಾಗುತ್ತದೆ, ಕೇಳುಗರು ಅದಕ್ಕೆ ತೀರ್ಪುಗಾರರು.

ಕೊನೇ ಓವರಿನ ಪ್ರಶ್ನೆಗೆ ಹುಬ್ಬಳ್ಳಿ ಕಡೆಯಿಂದ ಒಂದು ಕರೆ ಹೀಗೆ ಸಾಗಬಹುದು:

— ಅಣ್ಣಾರ, ಎಬಿ ಗಿಬಿ ಯಾರೂ ಬ್ಯಾಡ್ರಿ. ನಮಗ ದ್ರಾವಿಡ್ ಬೇಕ್ರಿ.
— ಹನ್ನೆರಡು ರನ್ ಬೇಕು ಸಾರ್, ಆರೇ ಬಾಲು! ಮೊದಲ ಬಾಲ್ ಡಿಫೆಂಡ್ ಮಾಡಿಬಿಟ್ರೆ?
— ಮಾಡ್ಲಿ ಬಿಡ್ರಿ. ಔಟ್ ಅಂತೂ ಆಗೂದಿಲ್ಲಲ್ಲ!
— ಅಂದ್ರೆ ನಿಮಗೆ ಮ್ಯಾಚ್ ಬೇಡ, ವಿಕೆಟ್ ಉಳಿದ್ರೆ ಸಾಕು.
— ಗ್ವಾಡಿ ಬಿದ್ರ ಮನಿ ಉಳೀತದೇನ್ರಿ?
— ತಡಿ ಗುರು, ಸಾರ್ ಹೇಳ್ತಿರೋದು ಸರಿ ಇದೆ. 2011, ಮ್ಯಾಂಚೆಸ್ಟರ್, ದ್ರಾವಿಡ್ ಆಡಿದ ಒಂದೇ ಒಂದು ಅಂತರರಾಷ್ಟ್ರೀಯ ಟಿ20. ಸಮಿತ್ ಪಟೇಲ್‌ಗೆ ಸಾಲಾಗಿ ಮೂರು ಸಿಕ್ಸರು. ಹದಿನೆಂಟು ರನ್ ಆಯ್ತು, ಮೂರು ಬಾಲ್ ಇನ್ನೂ ಬಾಕಿ!
— ನೋಡ್ರಿ ಮತ್ತ! ನಾ ಹೇಳಿದ್ದಿಲ್ಲ?

ಇಲ್ಲಿ ಹಾಳೆಯ ಮೇಲಿನ ಅಂಕಿ ಕೇಳುಗರ ಕೈಗೆ ಹೋಯಿತು ನೋಡಿ. ಅದೇ ಮಾತನ್ನು ಅವರ ವಿರುದ್ಧ ಬಳಸಿದ್ದರೆ ಕರೆ ಅಲ್ಲಿಗೇ ಮುಗಿಯುತ್ತಿತ್ತು. ಇನ್ನೊಂದು ವಿಷಯ, “ನಾ ಹೇಳಿದ್ದಿಲ್ಲ?” ಆದ ಮೇಲೆ ಕರೆ ಮುಂದುವರಿಸಬೇಡಿ. ನಗು ತುದಿಗೆ ಏರಿದಾಗಲೇ “ದ್ರಾವಿಡ್ ಖಾತೆಗೆ ಒಂದು ವೋಟು! ಥ್ಯಾಂಕ್ಸ್ ರೀ ಹುಬ್ಬಳ್ಳಿಯವರೇ” ಎಂದು ಫೇಡರ್ (ಮಿಕ್ಸರಿನಲ್ಲಿ ದನಿ ಏರಿಳಿಸುವ ಜಾರುಗುಂಡಿ) ಇಳಿಸಿ. ಇನ್ನೂ ಅರ್ಧ ನಿಮಿಷ ಇದೆಯಲ್ಲ ಎಂದು ಎಳೆದರೆ ಅದೇ ಮಾತು ಮತ್ತೊಮ್ಮೆ ಬರುತ್ತದೆ, ಈ ಸಲ ನಗು ಇಲ್ಲದೆ.

ಕೇಳುಗರ ಆಡುನುಡಿಯನ್ನು ನಿರೂಪಕರು ಅಣಕಿಸಬಾರದು, ಪ್ರೀತಿಯಿಂದ ಕೂಡ. ನಿಮ್ಮ ನುಡಿಯಲ್ಲಿ ನೀವು ಮಾತಾಡಿ, ಅವರ ನುಡಿಯಲ್ಲಿ ಅವರು ಮಾತಾಡಲಿ. ನಿರೂಪಕರಿಬ್ಬರು ತಮ್ಮೊಳಗೆ ಗುರು, ಮಾರಾಯ, ದೋಸ್ತ ಏನು ಬೇಕಾದರೂ ಅಂದುಕೊಳ್ಳಲಿ, ಕೇಳುಗರಿಗೆ ಮಾತ್ರ ಸಾರ್, ಅಕ್ಕ, ಅಣ್ಣ, ಮೇಡಂ. ಹೈಸ್ಕೂಲು ಮಕ್ಕಳಿಗೂ ನೀವು ಎಂದೇ ಹೇಳಿ, ಅವರ ದನಿ ಒಂದು ಇಂಚು ಎತ್ತರವಾಗುವುದು ಕೇಳಿಸುತ್ತದೆ.

ಮಾತು ಕೆಡುವ ಜಾಗಗಳು

ಹಳದಿ ಜರ್ಸಿಯವರು, ಅಂದರೆ ಚೆನ್ನೈ ತಂಡದ ಅಭಿಮಾನಿಗಳು ಕರೆ ಮಾಡಿದರೆ ಅವರು ಅತಿಥಿ. ಮೊದಲ ಏಟು ಅವರೇ ಹೊಡೆಯಲಿ, “ಐದು ಕಪ್ ಸಾರ್” ಎನ್ನಲಿ, ನಿಮ್ಮ ಸರದಿ ಆಮೇಲೆ. ಗೇಲಿ ತಂಡಕ್ಕೆ, ಆಟಕ್ಕೆ, ಬಿಟ್ಟ ಕ್ಯಾಚಿಗೆ. ರಾಜ್ಯಕ್ಕಲ್ಲ, ಭಾಷೆಗಲ್ಲ. ಬೆಂಗಳೂರು ಚೆನ್ನೈ ಮ್ಯಾಚಿನ ವಾರ ಯಾರಾದರೂ ಕಾವೇರಿ ತೆಗೆದೇ ತೆಗೆಯುತ್ತಾರೆ. 2018ರಲ್ಲಿ ಅದೇ ಕಾವೇರಿ ವಿವಾದದಿಂದ ಚೆನ್ನೈ ತಂಡದ ತವರಿನ ಪಂದ್ಯಗಳು ಪುಣೆಗೆ ಹೋಗಿದ್ದವು. ಅದು ರೈತರ ಬದುಕಿನ ವಿಷಯ, ಹರಟೆಯ ಸರಕಲ್ಲ. “ಅದಕ್ಕೆ ಬೇರೆ ವೇದಿಕೆ ಇದೆ ಸಾರ್, ನಮಗೆ ಹನ್ನೆರಡು ರನ್ ಬೇಕು, ಹೆಸರು ಹೇಳಿ” ಎಂದು ಪ್ರಶ್ನೆಗೇ ಎಳೆದು ತನ್ನಿ. ಪ್ರಶ್ನೆ ಚಿಕ್ಕದಾಗಿರಬೇಕು ಎಂದದ್ದು ಇದಕ್ಕೂ ಸೇರಿಯೇ. ಆಟಗಾರರ ಮೈಬಣ್ಣ, ಜಾತಿ, ಹೆಂಡತಿ ಮಕ್ಕಳು, ಆಟಗಾರ್ತಿಯರ ರೂಪ ಇವುಗಳ ಬಗ್ಗೆ ಒಂದು ಮಾತು ಬಂದರೂ ತಕ್ಷಣ ಫೇಡರ್ ಇಳಿಸಿ, ವಿವರಣೆ ಕೊಡದೆ ಮುಂದಿನ ಕರೆಗೆ ಹೋಗಿ.

ಕೆಟ್ಟ ಮಾತು ಪ್ರಸಾರವಾಗದಂತೆ ದೊಡ್ಡ ಸ್ಟೇಷನ್‌ಗಳು ಏಳೆಂಟು ಸೆಕೆಂಡು ತಡವಾಗಿ ಪ್ರಸಾರ ಮಾಡಿ, ಆ ಅವಧಿಯನ್ನು ಅಳಿಸುವ ಗುಂಡಿ ಇಟ್ಟುಕೊಂಡಿರುತ್ತವೆ. ನಿಮ್ಮಲ್ಲಿ ಆ ವ್ಯವಸ್ಥೆ ಇಲ್ಲದಿದ್ದರೆ ಮೊದಲ ಕೆಲವು ವಾರ ಕರೆಗಳನ್ನು ಹಾಡು ಓಡುತ್ತಿರುವಾಗಲೇ ರೆಕಾರ್ಡ್ ಮಾಡಿ ಹಾಡು ಮುಗಿದೊಡನೆ ಹಾಕಿ. ಕೇಳುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ನಿಮಗೆ ನಿರಾಳ.

ಮ್ಯಾಚು ನಡೆಯುವ ಹೊತ್ತಿಗೇ ಕಾರ್ಯಕ್ರಮವಿದ್ದರೆ ಸ್ಕೋರ್ ಹೇಳಿ, ಆದರೆ ಟಿವಿ ನೋಡುತ್ತ ಬಾಲು ಬಾಲಿಗೂ ವಿವರಣೆ ಕೊಡಬೇಡಿ, ಪ್ರಸಾರದ ಹಕ್ಕು ಬೇರೆಯವರದು. ಖಾಸಗಿ ಎಫ್‌ಎಂಗಳಿಗೆ 2011ರ ನೀತಿಯಲ್ಲೂ ಕ್ರೀಡಾ ಮಾಹಿತಿಗೆ ಅವಕಾಶವಿದೆ, ನೇರ ಪ್ರಸಾರಕ್ಕಿಲ್ಲ, ಸ್ಥಳೀಯ ಪಂದ್ಯಗಳ ವೀಕ್ಷಕ ವಿವರಣೆಗೆ ಮಾತ್ರ ವಿನಾಯಿತಿ. ಬೆಟ್ಟಿಂಗ್ ದರ, “ಇವತ್ತಿನ ಫ್ಯಾಂಟಸಿ ಟೀಮ್” ಎಂಬ ಸಲಹೆ ಬೇಡವೇ ಬೇಡ. ದುಡ್ಡು ಹಾಕಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಪ್ರಚಾರವನ್ನೂ 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಕೇಳುಗರು ಇಂಥ ಆ್ಯಪ್‌ನ ಹೆಸರು ತೆಗೆದರೆ ಮಾತು ಬದಲಿಸಿ.

ಕೆಲವು ದಿನ ಹರಟೆಯೇ ಸಲ್ಲದು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಅಂಥ ದಿನ ಕಾರ್ಯಕ್ರಮ ರದ್ದು ಮಾಡಿ, ಅಥವಾ ಹಾಸ್ಯದ ಧಾಟಿ ಪೂರ್ತಿ ಬಿಟ್ಟು ಜನರ ಮಾತು ಕೇಳಿ. ಮುದ್ರಿಸಿಟ್ಟ ಜಿಂಗಲ್, ಚಪ್ಪಾಳೆ, ಶಿಳ್ಳೆಯ ಸದ್ದು ತಾನಾಗಿ ಬರುವಂತೆ ಕಂಪ್ಯೂಟರಿನಲ್ಲಿ ಹೊಂದಿಸಿದ್ದರೆ ಮೊದಲು ಅವನ್ನು ತೆಗೆಯಿರಿ. ಅವಸರದಲ್ಲಿ ಮರೆಯುವುದು ಇದನ್ನೇ.

ಮುಗಿದ ಮೇಲೆ

ಸಮುದಾಯ ರೇಡಿಯೊಗಳು ಪ್ರಸಾರ ಮಾಡಿದ ಎಲ್ಲವನ್ನೂ ಮೂರು ತಿಂಗಳು ಕಾಪಾಡಿಕೊಂಡಿರಬೇಕೆಂಬ ನಿಯಮವಿದೆ, ಆದ್ದರಿಂದ ರೆಕಾರ್ಡಿಂಗ್ ಹೇಗೂ ಇರುತ್ತದೆ. ಮರುದಿನ ಅದನ್ನು ಗಡಿಯಾರ ಹಿಡಿದು ಕೇಳಿ. ಪ್ರತಿ ಕರೆಯಲ್ಲೂ ನಿರೂಪಕರು ಎಷ್ಟು ಮಾತಾಡಿದರು, ಕೇಳುಗರು ಎಷ್ಟು ಎಂದು ಬರೆದುಕೊಳ್ಳಿ. ಎರಡೂವರೆ ನಿಮಿಷದಲ್ಲಿ ಕೇಳುಗರ ಪಾಲು ಒಂದೂವರೆ ನಿಮಿಷಕ್ಕಿಂತ ಕಡಿಮೆಯಿದ್ದರೆ ಅಡ್ಡಮಾತು ಜಾಸ್ತಿಯಾಗಿದೆ. ಎರಡಕ್ಕಿಂತ ಹೆಚ್ಚಿದ್ದರೆ ಯಾರೂ ಕೆಣಕಿಲ್ಲ, ಅದು ಭಾಷಣ.

ಕರೆ ಪುಸ್ತಕದಲ್ಲಿ ತಾರೀಖು, ಊರು, ಹೆಸರು, ಹೇಳಿದ ವಾದ ಬರೆದಿಡಿ, ನಂಬರ್ ಕಚೇರಿಯಲ್ಲೇ ಉಳಿಯಲಿ. ಪ್ರತಿವಾರ ಅದೇ ನಾಲ್ವರು ಸಾಲು ಹಿಡಿಯತೊಡಗಿದರೆ ಒಬ್ಬರಿಗೆ ಮೂರು ವಾರಕ್ಕೊಮ್ಮೆ ಎಂಬ ಕಟ್ಟು ಹಾಕಿ, ಅವರಿಗೇ ಮೊದಲು ತಿಳಿಸಿ. ಹಳೆಯ ಕೇಳುಗರಿಗೆ ಬೇಸರವಾಗದಿರಲು ಒಂದು ದಾರಿ ಇದೆ. ಅವರ ಹಿಂದಿನ ವಾದವನ್ನು ಹೆಸರು ಹೇಳಿ ನೆನಪಿಸಿ, “ಹುಬ್ಬಳ್ಳಿಯವರು ದ್ರಾವಿಡ್ ಅಂದಿದ್ರು, ಗದಗದವರು ಏನಂತೀರಿ?” ಎಂದು ಮುಂದಿನ ವಾರದ ಮೊದಲ ಕರೆಯನ್ನು ಅಲ್ಲಿಂದಲೇ ಎತ್ತಿಕೊಳ್ಳಿ.